ಕುಂಬಾರ ಬಿಟ್ಟು ಹೋದ ಎರಡು ಕಲ್ಲುಗಳು

ಇತಿಹಾಸದಲ್ಲಿ ಕೆಲವರ ಹೆಸರು ಒಂದೇ ಒಂದು ಘಟನೆಗೆ ಅಂಟಿಕೊಂಡು ಉಳಿದು ಬಿಡುತ್ತದೆ. ಆ ಘಟನೆಯನ್ನು ನಾವು ಮತ್ತೆ ಮತ್ತೆ ಹೇಳುತ್ತೇವೆ. ಅದರ ಹಿಂದೆಯೂ ಮುಂದೆಯೂ ಒಂದು ಇಡೀ ಬದುಕಿತ್ತು ಎಂಬುದನ್ನು ಮಾತ್ರ ಮರೆತು ಬಿಡುತ್ತೇವೆ. 16ನೆಯ ಶತಮಾನದ ಫ್ರೆಂಚ್ ಶಿಲ್ಪಿ, ಕುಂಬಾರ ಬರ್ನಾರ್ ಪಲಿಸ್ಸಿಗೆ ಆದದ್ದು ಇದೇ. ಆವಿಗೆಗೆ ಸೌದೆ ಸಾಲದೆ ಹೋದಾಗ ಮನೆಯ ಮೇಜನ್ನೂ ನೆಲಕ್ಕೆ ಹಾಸಿದ ಹಲಗೆಗಳನ್ನೂ ಬೆಂಕಿಗೆ ಹಾಕಿದ ಹಟಮಾರಿ ಎಂದೇ ಜಗತ್ತು ಆತನನ್ನು ಬಲ್ಲದು. 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಸ್ಯಾಮುವೆಲ್ ಸ್ಮೈಲ್ಸ್ 'ಸೆಲ್ಫ್ ಹೆಲ್ಪ್' ಎಂಬ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಆತನನ್ನು ಛಲಕ್ಕೆ ಮಾದರಿಯಾಗಿ ನಿಲ್ಲಿಸಿದರು. ಛಲವಿದ್ದರೆ ಗೆಲುವಿದೆ ಎಂಬ ನೀತಿಗೆ ಇದಕ್ಕಿಂತ ಒಳ್ಳೆಯ ಕತೆ ಬೇರೇನು ಬೇಕು?

ಆದರೆ ಈ ಕತೆ ಅರ್ಧ ಸತ್ಯ. ಗೆದ್ದ ಆ ಕುಂಬಾರ ಕೊನೆಗೆ ಸತ್ತದ್ದು ಸೆರೆಮನೆಯಲ್ಲಿ. ಆತ ಮಾಡಿದ ತಟ್ಟೆಗಳನ್ನು ಮೆಚ್ಚಿದ ಸಮಾಜವೇ ಆತನ ನಂಬಿಕೆಯನ್ನು ಸಹಿಸದೆ ಆತನನ್ನು ಕೊಂದಿತು. ಇನ್ನೊಂದು ಸಂಗತಿ ಇದೆ. ಬೆಟ್ಟದ ಕಲ್ಲಿನೊಳಗೆ ಸಿಗುವ ಚಿಪ್ಪುಗಳು ಒಂದು ಕಾಲದಲ್ಲಿ ಬದುಕಿದ್ದ ಜೀವಿಗಳದ್ದೇ ಎಂದು ಪ್ಯಾರಿಸ್‌ನ ಪಂಡಿತರ ಮುಂದೆ ನಿಂತು ಸಾರಿ ಹೇಳಿದವನು ಇದೇ ಕುಂಬಾರ. ಭೂವಿಜ್ಞಾನದ ಚರಿತ್ರೆಯಲ್ಲಿ ಆತನಿಗೆ ಒಂದು ಗೌರವದ ಸ್ಥಾನವಿದೆ. ಜೇಡಿಮಣ್ಣಿನಲ್ಲಿ ಹಾವು, ಕಪ್ಪೆಗಳನ್ನು ಮಾಡುತ್ತಿದ್ದವನಿಗೆ ಕಲ್ಲಿನ ಗುಟ್ಟು ಹೇಗೆ ತಿಳಿಯಿತು? ಈ ಪ್ರಶ್ನೆಯನ್ನು ಹಿಡಿದು ನಾವು ಆತನ ಬದುಕನ್ನು ಇನ್ನೊಮ್ಮೆ ನೋಡಬೇಕಾಗಿದೆ.

ಒಂದು ಬಿಳಿ ಬಟ್ಟಲು

ಪಲಿಸ್ಸಿ ಹುಟ್ಟಿದ್ದು 1510ರ ಸುಮಾರಿಗೆ, ಫ್ರಾನ್ಸ್‌ನ ನೈಋತ್ಯ ಭಾಗದಲ್ಲಿ. ವಿದ್ಯಾವಂತರ ಭಾಷೆಗಳಾಗಿದ್ದ ಲ್ಯಾಟಿನ್ ಮತ್ತು ಗ್ರೀಕ್ ಆತನಿಗೆ ಬಾರದು. ಕಲಿತದ್ದು ಇಗರ್ಜಿಗಳ ಕಿಟಕಿಗೆ ಬಣ್ಣದ ಗಾಜು ಕೂಡಿಸುವ ಕಸುಬು. ಜತೆಗೆ ಜಮೀನು ಅಳೆದು ನಕ್ಷೆ ಬರೆಯುವುದನ್ನೂ ಬಲ್ಲವನಾಗಿದ್ದ. ಊರೂರು ತಿರುಗಿದ ಬಳಿಕ ಶರಾಂತ್ ನದಿಯ ದಂಡೆಯಲ್ಲಿರುವ ಸ್ಯಾಂತ್ ಎಂಬ ಪಟ್ಟಣದಲ್ಲಿ ನೆಲೆ ನಿಂತ. ಮದುವೆಯಾಯಿತು, ಮಕ್ಕಳಾದವು.

1540ರ ಆಸುಪಾಸಿನಲ್ಲಿ ಯಾರೋ ಆತನಿಗೆ ಒಂದು ಮಣ್ಣಿನ ಬಟ್ಟಲನ್ನು ತೋರಿಸಿದರು. ಅದರ ಮೇಲಿನ ಹೊಳೆಯುವ ಲೇಪ ಎಷ್ಟು ಸೊಗಸಾಗಿತ್ತೆಂದರೆ, ಅಂದಿನಿಂದ ಆತನಿಗೆ ಬೇರೆ ಚಿಂತೆಯೇ ಇಲ್ಲವಾಯಿತು. ಮಣ್ಣಿನ ಕೆಲಸದ ಗಂಧಗಾಳಿಯೂ ಇಲ್ಲದ ಮನುಷ್ಯ ಮಣ್ಣಿನ ಮೇಲೆ ಗಾಜಿನ ಬಿಳುಪನ್ನು ತರುತ್ತೇನೆಂದು ಹೊರಟ. ಕತ್ತಲಲ್ಲಿ ತಡಕಾಡುವವನಂತೆ ಅರಸಿದೆ ಎಂದು ಮುಂದೆ ಆತನೇ ಬರೆದುಕೊಂಡಿದ್ದಾನೆ.

ಮಡಕೆಗಳನ್ನು ಕೊಂಡು ತಂದು ಚೂರು ಮಾಡುವುದು, ಬೇರೆ ಬೇರೆ ಪದಾರ್ಥಗಳನ್ನು ಅರೆದು ಒಂದೊಂದು ಚೂರಿಗೂ ಒಂದೊಂದು ಬಗೆಯ ಲೇಪ ಬಳಿಯುವುದು, ಗುರುತು ಹಾಕಿ ಬರೆದಿಟ್ಟುಕೊಂಡು ಸುಡುವುದು. ಇದು ವರ್ಷಗಟ್ಟಲೆ ನಡೆಯಿತು. ನಡುವೆ ಅರಸನ ಅಧಿಕಾರಿಗಳು ಆ ಪ್ರದೇಶಕ್ಕೆ ಉಪ್ಪಿನ ತೆರಿಗೆ ಹೇರಲು ಬಂದಾಗ ಉಪ್ಪಿನ ಆಗರಗಳ ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಬಂದ ಹಣ ಮತ್ತೆ ಒಲೆಗೇ ಹೋಯಿತು. ಇಟ್ಟಿಗೆಗಳನ್ನು ತಾನೇ ಬೆನ್ನ ಮೇಲೆ ಹೊತ್ತು ತಂದು ಆವಿಗೆ ಕಟ್ಟಿದ. ಆರು ಹಗಲು ಆರು ರಾತ್ರಿ ಉರಿ ಹಾಕಿದರೂ ಲೇಪ ಕರಗಲಿಲ್ಲ. ಸೌದೆ ಮುಗಿಯಿತು. ಮೊದಲು ತೋಟದ ಬೇಲಿಯ ಗೂಟಗಳು ಹೋದವು, ಆಮೇಲೆ ಮನೆಯ ಮೇಜು ಮತ್ತು ಹಲಗೆಗಳು. ಇವನಿಗೆ ಹುಚ್ಚು ಹಿಡಿದಿದೆ ಎಂದರು ಊರವರು. ಖೋಟಾ ನಾಣ್ಯ ಮಾಡುತ್ತಿದ್ದಾನೆ ಎಂದೂ ಗುಸುಗುಸು ಹುಟ್ಟಿತು. ಜತೆಗಿದ್ದ ಕೆಲಸಗಾರನಿಗೆ ಕೂಲಿ ಕೊಡಲು ಕಾಸಿಲ್ಲದೆ ತನ್ನ ಬಟ್ಟೆಗಳನ್ನೇ ಕೊಟ್ಟ. ಇನ್ನೊಮ್ಮೆ ಆವಿಗೆಯ ಗಾರೆಯಲ್ಲಿದ್ದ ಬೆಣಚುಕಲ್ಲುಗಳು ಬಿಸಿಗೆ ಸಿಡಿದು ಅದರ ಚೂರುಗಳೆಲ್ಲ ಲೇಪಕ್ಕೆ ಅಂಟಿಕೊಂಡವು. ಕಡಿಮೆ ಬೆಲೆಗಾದರೂ ಕೊಡು ಎಂದು ಕೇಳಿದವರಿದ್ದರು. ಹೆಸರು ಕೆಡುತ್ತದೆಂದು ಅಷ್ಟನ್ನೂ ಒಡೆದು ಹಾಕಿದ.

ಮನೆಯೊಳಗೆ ಬೈಗುಳ, ಹೊರಗೆ ಸಾಲಗಾರರು. ಹದಿನೈದು ಹದಿನಾರು ವರ್ಷ ಹೀಗೆ ಕಳೆಯಿತು. ಸ್ಮೈಲ್ಸ್ ಹೇಳಿದ ಛಲದ ಕತೆ ಸುಳ್ಳಲ್ಲ. ಆದರೆ ಆ ವರ್ಷಗಳಲ್ಲಿ ಹೊಟ್ಟೆಗಿಲ್ಲದೆ ಕುಳಿತ ಹೆಂಡತಿ ಮಕ್ಕಳಿಗೆ ಆ ಕತೆಯಲ್ಲಿ ಜಾಗವಿಲ್ಲ ಎಂಬುದನ್ನೂ ನಾವು ಹೇಳಲೇಬೇಕು.

ಬಟ್ಟಲಿನ ಹಿಂದಿನ ದಾರಿ

ತನಗೆ ತೋರಿಸಿದ ಬಟ್ಟಲು ಎಲ್ಲಿಯದೆಂದು ಪಲಿಸ್ಸಿ ಬರೆದಿಲ್ಲ. ಆದರೆ ಮಣ್ಣಿನ ಪಾತ್ರೆಗೆ ಹಾಲಿನಂತಹ ಬಿಳಿ ಮೈ ಕೊಡುವ ವಿದ್ಯೆ ಯೂರೋಪನ್ನು ತಲುಪಿದ ದಾರಿ ಚರಿತ್ರೆಗೆ ಚೆನ್ನಾಗಿ ಗೊತ್ತಿದೆ. ಅದು ಅಬ್ಬಾಸಿಯಾ ಕಾಲದ ಇರಾಕಿನಿಂದ ಹೊರಟ ದಾರಿ.

9ನೆಯ ಶತಮಾನದಲ್ಲಿ ಚೀನಾದ ಬಿಳಿ ಪಾತ್ರೆಗಳು ಹಡಗಿನಲ್ಲಿ ಬಸ್ರಾಕ್ಕೆ ಬರುತ್ತಿದ್ದವು. ಅಂತಹ ಬಿಳಿ ಜೇಡಿಮಣ್ಣು ಇರಾಕಿನಲ್ಲಿರಲಿಲ್ಲ. ಅಲ್ಲಿನ ಕುಂಬಾರರು ಬೇರೆ ಉಪಾಯ ಕಂಡುಕೊಂಡರು. ಸೀಸದ ಗಾಜುಲೇಪಕ್ಕೆ ಸುಟ್ಟ ತವರದ ಪುಡಿ ಸೇರಿಸಿದರೆ ಆ ಲೇಪ ಪಾರದರ್ಶಕವಾಗಿ ಉಳಿಯದೆ ಬೆಳ್ಳಗಾಗುತ್ತದೆ. ಒಳಗಿನ ಕಂದುಮಣ್ಣು ಮರೆಯಾಗುತ್ತದೆ. ಈ ಉಪಾಯ ಈಜಿಪ್ಟ್ ಮತ್ತು ಉತ್ತರ ಆಫ್ರಿಕಾದ ಮೂಲಕ ಮುಸ್ಲಿಮ್ ಸ್ಪೇನ್ ತಲುಪಿತು. ಮಲಗಾದಲ್ಲಿ ಬೆಳೆಯಿತು. ಮುಂದೆ ಕ್ರೈಸ್ತ ಅರಸರ ಆಳ್ವಿಕೆಯಲ್ಲಿದ್ದ ವೆಲೆನ್ಸಿಯಾದ ಮನೀಸೆಸ್ ಎಂಬಲ್ಲಿ ಮುಸ್ಲಿಮ್ ಕುಂಬಾರರು ಅದನ್ನು ಮುಂದುವರಿಸಿದರು. ಮಜೋರ್ಕಾ ದ್ವೀಪದ ವ್ಯಾಪಾರಿಗಳ ಮೂಲಕ ಇಟಲಿಗೆ ಹೋದ ಈ ಪಾತ್ರೆಗಳಿಗೆ ಅಲ್ಲಿ 'ಮಯೋಲಿಕಾ' ಎಂದು ಹೆಸರಾಯಿತು. ಇಟಲಿಯ ಫಾಯೆಂಜಾದಿಂದ ಫ್ರಾನ್ಸಿಗೆ ಬಂದಾಗ 'ಫಾಯಾನ್ಸ್' ಆಯಿತು.

ಈ ವಿದ್ಯೆಯನ್ನು ಬರೆದಿಟ್ಟವರೂ ಇದ್ದರು. ಇರಾನಿನ ಕಾಶಾನ್ ನಗರದ ಪ್ರಸಿದ್ಧ ಕುಂಬಾರ ಮನೆತನಕ್ಕೆ ಸೇರಿದ ಅಬುಲ್ ಕಾಸಿಮ್ ಎಂಬ ವಿದ್ವಾಂಸರು 1301ರಲ್ಲಿ ಪಾರಸಿ ಭಾಷೆಯಲ್ಲಿ ಬರೆದ ಗ್ರಂಥದಲ್ಲಿ ತವರ ಮತ್ತು ಸೀಸವನ್ನು ಒಟ್ಟಿಗೆ ಸುಡುವ ಕ್ರಮವನ್ನು ವಿವರಿಸಿದ್ದಾರೆ. ಸ್ಯಾಂತ್‌ನ ಬಡ ಗಾಜುಗಾರ ಮನೆಯ ಹಲಗೆ ಸುಟ್ಟು ಹುಡುಕಿದ ಗುಟ್ಟನ್ನು ಎರಡೂವರೆ ಶತಮಾನದ ಹಿಂದೆಯೇ ಒಬ್ಬ ಕುಂಬಾರರ ಮಗ ಶಾಯಿಯಲ್ಲಿ ಬರೆದಿಟ್ಟಿದ್ದ! ಆದರೆ ಆ ಪುಸ್ತಕಕ್ಕೂ ಈ ಮನುಷ್ಯನಿಗೂ ನಡುವೆ ಭಾಷೆಗಳ, ದೇಶಗಳ ಗೋಡೆಗಳಿದ್ದವು. ಯೂರೋಪಿನ ಕುಂಬಾರರಾದರೋ ತಮ್ಮ ಗುಟ್ಟನ್ನು ಹೊರಗಿನವನಿಗೆ ಬಿಟ್ಟು ಕೊಡುತ್ತಿರಲಿಲ್ಲ.

ಪಲಿಸ್ಸಿಯೂ ಇದರಲ್ಲಿ ಹೊರತಲ್ಲ. ತವರ, ಸೀಸ, ಕಬ್ಬಿಣ, ತಾಮ್ರ, ಮರಳು ಎಂದು ಲೇಪದ ಪದಾರ್ಥಗಳನ್ನು ಪಟ್ಟಿ ಮಾಡಿದನೇ ಹೊರತು ಅಳತೆಯನ್ನು ಹೇಳಲಿಲ್ಲ. ಅದಕ್ಕೆ ಆತ ಕೊಟ್ಟ ಕಾರಣ ಯೋಚಿಸುವಂತಿದೆ. ಬೇಸಾಯದ ಗುಟ್ಟನ್ನು ಬಚ್ಚಿಡಬಾರದು, ರೋಗದ ಮದ್ದನ್ನು ಬಚ್ಚಿಡಬಾರದು, ದೇವವಾಕ್ಯವನ್ನಂತೂ ಬಚ್ಚಿಡಲೇಬಾರದು. ಆದರೆ ಅಲಂಕಾರದ ಕಲೆ ಎಲ್ಲರಿಗೂ ತಿಳಿದರೆ ಅದರ ಬೆಲೆ ಇಳಿದು ಕಸುಬುದಾರ ಉಪವಾಸ ಬೀಳುತ್ತಾನೆ. ಯಾವ ಜ್ಞಾನ ಎಲ್ಲರ ಸೊತ್ತು, ಯಾವುದು ಒಬ್ಬನ ಅನ್ನ ಎಂಬ ಈ ತಕರಾರು ಪೇಟೆಂಟುಗಳ ಈ ಕಾಲದಲ್ಲಿಯೂ ಮುಗಿದಿಲ್ಲ.

ತಟ್ಟೆಯಲ್ಲಿ ಒಂದು ಕೊಳ

ಲೇಪ ಕೈವಶವಾದ ಮೇಲೆ ಪಲಿಸ್ಸಿ ಮಾಡಿದ್ದು ಬಿಳಿ ಬಟ್ಟಲುಗಳನ್ನಲ್ಲ. ಹಸಿರು, ನೀಲಿ, ಕಂದು, ನೇರಿಳೆ ಬಣ್ಣಗಳ ದೊಡ್ಡ ದೊಡ್ಡ ಮೊಟ್ಟೆಯಾಕಾರದ ತಟ್ಟೆಗಳನ್ನು. ತಟ್ಟೆಯ ನಡುವೆ ನೀರಿನಿಂದ ಎದ್ದ ದಿಬ್ಬ, ಅದರ ಮೇಲೆ ಸುರುಳಿ ಸುತ್ತಿದ ಹಾವು, ಸುತ್ತ ಈಜುವ ಮೀನುಗಳು, ಅಂಚಿನಲ್ಲಿ ಹಲ್ಲಿ, ಕಪ್ಪೆ, ಏಡಿ, ಬಸವನಹುಳು, ಜರಿಗಿಡದ ಎಲೆಗಳು. ಊಟಕ್ಕೆ ಇಡುವ ತಟ್ಟೆಯಲ್ಲ ಅದು, ಒಂದು ಪುಟ್ಟ ಕೊಳವನ್ನೇ ಎತ್ತಿ ತಂದಂತೆ ಕಾಣುವ ಶಿಲ್ಪ.

ಇವುಗಳನ್ನು ಆತ ಕಣ್ಣಳತೆಯಲ್ಲಿ ಕೆತ್ತಲಿಲ್ಲ. ನಿಜವಾದ ಹಾವು, ಹಲ್ಲಿ, ಮೀನುಗಳ ದೇಹದಿಂದ ಪ್ಲಾಸ್ಟರಿನ ಅಚ್ಚು ತೆಗೆದು, ಆ ಅಚ್ಚಿಗೆ ಜೇಡಿಮಣ್ಣನ್ನು ಒತ್ತಿ, ಹೊರಬಂದ ರೂಪವನ್ನು ತಟ್ಟೆಗೆ ಕೂಡಿಸುತ್ತಿದ್ದ. ಹಾಗಾಗಿ ಮೀನಿನ ಒಂದೊಂದು ಹುರುಪೆಯೂ ಎಲೆಯ ಒಂದೊಂದು ನರವೂ ಅದರಲ್ಲಿ ಮೂಡಿತು. ಜೀವಿಗಳಿಂದಲೇ ಅಚ್ಚು ತೆಗೆಯುವ ಕಲೆ ಆ ಕಾಲಕ್ಕೆ ಹೊಸದೇನಲ್ಲ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ವೆನ್ಜೆಲ್ ಯಾಮ್ನಿಟ್ಜರ್ ಎಂಬ ಅಕ್ಕಸಾಲಿಗ ಬೆಳ್ಳಿಯಲ್ಲಿ ಇದನ್ನೇ ಮಾಡುತ್ತಿದ್ದ. ಪಲಿಸ್ಸಿಯ ವಿಶೇಷವೆಂದರೆ ಬೆಲೆಯಿಲ್ಲದ ಮಣ್ಣಿನಲ್ಲಿ, ಜನ ಅಸಹ್ಯಪಟ್ಟು ದೂರವಿಡುವ ಕ್ಷುದ್ರ ಜೀವಿಗಳನ್ನೆಲ್ಲ ಒಟ್ಟಿಗೆ, ಅವು ಬಾಳುವ ನೀರು ಕೆಸರಿನ ಸಮೇತ ತೋರಿಸಿದ್ದು.

ಫ್ರಾನ್ಸ್‌ನ ಸೇನಾಧಿಪತಿ ಆನ್ ದ ಮಾಂಟ್‌ಮೊರೆನ್ಸಿ ಇದಕ್ಕೆ ಮನಸೋತ. ತನ್ನ ತೋಟದಲ್ಲಿ ಇಂತಹ ಜೀವಿಗಳಿಂದ ತುಂಬಿದ ಒಂದು ಕೃತಕ ಗುಹೆಯನ್ನು ಕಟ್ಟಿಕೊಡುವಂತೆ ಕೇಳಿದ. ಮುಂದೆ ರಾಜಮಾತೆ ಕ್ಯಾಥರೀನ್ ದ ಮೆಡಿಚಿ ಪ್ಯಾರಿಸ್‌ನ ತ್ವಿಲರಿ ಅರಮನೆಯ ತೋಟಕ್ಕೂ ಅಂತಹದೇ ಗುಹೆಯನ್ನು ಬಯಸಿದಳು. ಗುಹೆಗಳು ಉಳಿಯಲಿಲ್ಲ. ಆದರೆ 1980ರ ದಶಕದಲ್ಲಿ ಲೂವ್ರ್ ವಸ್ತು ಸಂಗ್ರಹಾಲಯದ ವಿಸ್ತರಣೆಗಾಗಿ ನೆಲ ಅಗೆದಾಗ ಆತನ ಕಾರ್ಯಾಗಾರದ ಅಚ್ಚುಗಳೂ ಚೂರುಗಳೂ ರಾಶಿ ರಾಶಿಯಾಗಿ ಸಿಕ್ಕವು. ಇಂದು ಸಂಗ್ರಹಾಲಯಗಳಲ್ಲಿ ಪಲಿಸ್ಸಿಯ ಹೆಸರಿನಲ್ಲಿರುವ ತಟ್ಟೆಗಳಲ್ಲಿ ಬಹಳಷ್ಟು ಆತನ ಹಿಂಬಾಲಕರು ಮಾಡಿದವು. ಆ ಚೂರುಗಳೇ ಆತನ ಕೈಕೆಲಸಕ್ಕೆ ಗಟ್ಟಿ ಸಾಕ್ಷಿ.

ನಂಬಿಕೆಯ ಬೆಲೆ

ಪಲಿಸ್ಸಿ ಪ್ರೊಟೆಸ್ಟಂಟ್ ಪಂಥವನ್ನು ಸೇರಿದ್ದ. ಕ್ಯಾಥೊಲಿಕ್ ಅರಸೊತ್ತಿಗೆಯ ಫ್ರಾನ್ಸ್‌ನಲ್ಲಿ ಅದು ಸಣ್ಣ ವಿಷಯವಲ್ಲ. ಸ್ಯಾಂತ್‌ನಲ್ಲಿ ಆ ಪಂಥ ಬೆಳೆದದ್ದು ಕಸುಬುದಾರರ, ಬಡವರ ನಡುವೆ. ಫಿಲಿಬೆರ್ ಹ್ಯಾಮೆಲಿನ್ ಎಂಬ ಅವರ ಬೋಧಕನನ್ನು ಹಿಡಿದಾಗ ಪಲಿಸ್ಸಿ ಪ್ರಾಣಭಯ ಬಿಟ್ಟು ಊರಿನ ಆರು ಮಂದಿ ನ್ಯಾಯಾಧಿಕಾರಿಗಳ ಮನೆಗೆ ಹೋಗಿ ಆತನ ಪರವಾಗಿ ಮಾತಾಡಿದ. ಪ್ರಯೋಜನವಾಗಲಿಲ್ಲ. 1557ರಲ್ಲಿ ಬೋರ್ಡೋ ನಗರದಲ್ಲಿ ಹ್ಯಾಮೆಲಿನ್‌ನನ್ನು ಗಲ್ಲಿಗೇರಿಸಲಾಯಿತು.

1562ರಲ್ಲಿ ಎರಡು ಪಂಥಗಳ ನಡುವೆ ಯುದ್ಧ ಹೊತ್ತಿಕೊಂಡಿತು. ಪಲಿಸ್ಸಿಯನ್ನು ಬಂಧಿಸಿ ರಾತ್ರೋರಾತ್ರಿ ಬೋರ್ಡೋಗೆ ಸಾಗಿಸಿದರು. ಆತನ ಕಾರ್ಯಾಗಾರವನ್ನು ಕೆಡವಬೇಕೆಂದು ಊರಿನ ಅಧಿಕಾರಿಗಳು ಮಾತಾಡಿಕೊಂಡರು. ಅದರ ಒಂದು ಭಾಗವನ್ನು ಕಟ್ಟಿಸಿದ್ದು ಮಾಂಟ್‌ಮೊರೆನ್ಸಿಯ ಹಣ. ಆ ಮಾಂಟ್‌ಮೊರೆನ್ಸಿಯಾದರೋ ಯುದ್ಧದಲ್ಲಿ ಕ್ಯಾಥೊಲಿಕ್ ಪಕ್ಷದ ಮುಖಂಡ! ತನ್ನ ಗುಹೆಯ ಕೆಲಸ ಅರ್ಧಕ್ಕೆ ನಿಲ್ಲುವುದು ಆತನಿಗೆ ಬೇಕಿರಲಿಲ್ಲ. ರಾಜಮಾತೆಯ ಮೂಲಕ ಪಲಿಸ್ಸಿಗೆ ಅರಸನ ಶಿಲ್ಪಿ ಎಂಬ ಬಿರುದು ಸಿಕ್ಕಿತು. ಅರಸನ ಸೇವಕನೆಂಬ ಆ ನೆಲೆಯಲ್ಲಿ ಪ್ರಾಣ ಉಳಿಯಿತು. ಕೈಯ ಕೆಲಸ ಬೇಕು, ಆ ಕೈಯ ಒಡೆಯನ ನಂಬಿಕೆ ಬೇಡ. ಆಳುವವರ ಈ ಲೆಕ್ಕಾಚಾರ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಸೆರೆಯಿಂದ ಹೊರಬಂದ ಮೇಲೆ, 1563ರಲ್ಲಿ, ಆತನ ಮೊದಲ ದೊಡ್ಡ ಪುಸ್ತಕ ಲಾ ರೋಶೆಲ್‌ನಲ್ಲಿ ಪ್ರಕಟವಾಯಿತು. ಅದರಲ್ಲಿ ಬೇಸಾಯವಿದೆ, ತೋಟವಿದೆ, ತನ್ನ ಊರಿನ ಸಭೆ ಅನುಭವಿಸಿದ ಕಷ್ಟದ ಕತೆಯಿದೆ. ಗೊಬ್ಬರವನ್ನು ಬಯಲಿನಲ್ಲಿ ರಾಶಿ ಹಾಕಬೇಡಿ, ಮಳೆ ಬಂದರೆ ಅದರ ಸಾರವೆಲ್ಲ ಕೊಚ್ಚಿ ಹೋಗುತ್ತದೆ ಎಂದು ರೈತರಿಗೆ ಹೇಳುತ್ತಾನೆ. ಮರು ನೆಡದೆ ಕಾಡು ಕಡಿಯುವವರನ್ನು ಕಂಡು ಸಿಟ್ಟಾಗುತ್ತಾನೆ. ನದಿಯ ದಂಡೆಯಲ್ಲಿ ಯುವತಿಯರು ಹಾಡುತ್ತಿದ್ದ ಬೈಬಲಿನ 104ನೆಯ ಕೀರ್ತನೆಯನ್ನು ಕೇಳಿ ತನಗೆ ತೋಟದ ಕಲ್ಪನೆ ಮೂಡಿತೆನ್ನುತ್ತಾನೆ. ಚಿಲುಮೆ, ಹಕ್ಕಿ, ಮರ, ಸಮುದ್ರಗಳ ಮೂಲಕ ಸೃಷ್ಟಿಕರ್ತನನ್ನು ಕೊಂಡಾಡುವ ಕೀರ್ತನೆ ಅದು. ಪಲಿಸ್ಸಿಯ ಪಂಥ ಆರಾಧನೆಯಲ್ಲಿ ಪ್ರತಿಮೆಗಳನ್ನು ಒಪ್ಪುತ್ತಿರಲಿಲ್ಲ. ಆತನ ಕೈ ಒಲಿದದ್ದು ಸಂತರ ವಿಗ್ರಹಗಳಿಗಲ್ಲ, ಕೆಸರಿನ ಕಪ್ಪೆಗೆ. ಸೃಷ್ಟಿಯಲ್ಲಿ ದೃಷ್ಟಾಂತಗಳಿವೆ, ನೋಡಿ ಚಿಂತಿಸಿರಿ ಎಂಬ ಕರೆಯನ್ನು ಕೇಳಿ ಬೆಳೆದ ನಮಗೆ ಈ ಮನಸ್ಸು ಅಪರಿಚಿತವೇನಲ್ಲ.

ಪುಸ್ತಕದ ಕೊನೆಗೆ ಒಂದು ಕೋಟೆಯ ಯೋಜನೆ ಇದೆ. ಯುದ್ಧದಲ್ಲಿ ಅಮಾಯಕರು ಸಾಯುವುದನ್ನು ಕಂಡ ಆತ, ಜನ ನಿರ್ಭಯವಾಗಿ ಬಾಳುವ ಒಂದು ಊರನ್ನು ಹೇಗೆ ಕಟ್ಟಬಹುದೆಂದು ಯೋಚಿಸಿದ. ವಾಸ್ತುಶಿಲ್ಪಿಗಳ ನಕ್ಷೆಗಳು ಹಿಡಿಸಲಿಲ್ಲ. ಕೊನೆಗೆ ಉತ್ತರ ಸಿಕ್ಕಿದ್ದು ಗಿನಿಯಾ ಕಡಲಿನಿಂದ ಬಂದ ಒಂದು ದೊಡ್ಡ ಶಂಖದಲ್ಲಿ. ಹಲ್ಲಿಲ್ಲದ, ಉಗುರಿಲ್ಲದ, ಮೆತ್ತಗಿನ ಜೀವಿ ತನ್ನದೇ ಜೊಲ್ಲಿನಿಂದ ಎಂತಹ ಭದ್ರವಾದ ಮನೆ ಕಟ್ಟಿಕೊಂಡಿದೆ! ಬೀದಿಗಳು ಶಂಖದಂತೆ ಸುರುಳಿಯಾಗಿ ಒಳಸರಿಯುವ ಊರನ್ನು ಆತ ಅಕ್ಷರದಲ್ಲಿ ಕಟ್ಟಿದ. ದುರ್ಬಲರು ಕೋಟೆಯ ಪಾಠವನ್ನು ದುರ್ಬಲ ಜೀವಿಯಿಂದಲೇ ಕಲಿಯಬೇಕಾಗುತ್ತದೆ.

ಕಲ್ಲಿನೊಳಗಿನ ಚಿಪ್ಪು

1560ರ ದಶಕದಲ್ಲಿ ಪಲಿಸ್ಸಿ ಪ್ಯಾರಿಸ್‌ಗೆ ಬಂದ. 1572ರ ಆಗಸ್ಟ್ 24ರಂದು ಸಂತ ಬಾರ್ತಲೋಮಿಯೊ ಹಬ್ಬದ ದಿನ ಅಲ್ಲಿ ಪ್ರೊಟೆಸ್ಟಂಟರ ಸಾಮೂಹಿಕ ಕೊಲೆ ಆರಂಭವಾಯಿತು. ಗಡಿಯ ಪ್ರೊಟೆಸ್ಟಂಟ್ ನೆಲೆಯಾದ ಸೆಡಾನ್‌ನಲ್ಲಿ ಆತ ಕೆಲಕಾಲ ಆಶ್ರಯ ಪಡೆದ. ಮತ್ತೆ ಪ್ಯಾರಿಸ್‌ಗೆ ಮರಳಿದಾಗ ಮಾಡಿದ ಕೆಲಸ ಯಾರೂ ನಿರೀಕ್ಷಿಸದ್ದು. 1575ರಲ್ಲಿ ನಗರದ ಬೀದಿ ಕೂಡುವಲ್ಲಿ ಭಿತ್ತಿಪತ್ರ ಅಂಟಿಸಿದ. ಚಿಲುಮೆ, ಕಲ್ಲು, ಲೋಹಗಳ ಬಗ್ಗೆ ತಾನು ಕಂಡುಕೊಂಡದ್ದನ್ನು ವಿವರಿಸುತ್ತೇನೆ, ಪ್ರವೇಶಕ್ಕೆ ಒಂದು ಚಿನ್ನದ ನಾಣ್ಯ. ನಾನು ಹೇಳಿದ್ದು ಸುಳ್ಳೆಂದು ತೋರಿಸಿದವರಿಗೆ ಅದರ ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ.

ಇದು ಜಂಬದ ಮಾತಲ್ಲ. ಲ್ಯಾಟಿನ್ ಬಲ್ಲ ಪಂಡಿತರು ಹಣ ತೆತ್ತು ಬಂದರೆ ಬಾಯಿ ಮುಚ್ಚಿ ಕೂರುವುದಿಲ್ಲ, ತಪ್ಪಿದ್ದರೆ ಹಿಡಿಯುತ್ತಾರೆ ಎಂಬುದು ಆತನ ಲೆಕ್ಕ. ವೈದ್ಯರು, ವಕೀಲರು, ಪಾದ್ರಿಗಳು ಬಂದರು. ಆ ಕಾಲದ ಬಹು ದೊಡ್ಡ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆಯೂ ಬಂದ. ಪಲಿಸ್ಸಿ ಕಲ್ಲು, ಚಿಪ್ಪು, ಅದಿರುಗಳನ್ನು ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿ ಇಟ್ಟಿದ್ದ. ಮಾತು ನಂಬಬೇಡಿ, ಮುಟ್ಟಿ ನೋಡಿ ಎನ್ನುವ ಕ್ರಮ ಅದು. ಈ ಉಪನ್ಯಾಸಗಳ ಸಾರ 1580ರಲ್ಲಿ ಪುಸ್ತಕವಾಯಿತು. ಅದರಲ್ಲಿ ಮಾತಾಡುವವರು ಇಬ್ಬರೇ, 'ಸಿದ್ಧಾಂತ' ಮತ್ತು 'ಅನುಭವ'. ಪ್ರತಿ ಸಲವೂ ಸಿದ್ಧಾಂತ ಪ್ರಶ್ನೆ ಕೇಳುತ್ತದೆ, ಅನುಭವ ಪಾಠ ಹೇಳುತ್ತದೆ.

ಚಿಲುಮೆಯ ನೀರು ಎಲ್ಲಿಂದ ಬರುತ್ತದೆ? ಸಮುದ್ರದ ನೀರು ಭೂಮಿಯೊಳಗಿನ ನಾಳಗಳಲ್ಲಿ ಹತ್ತಿ ಬರುತ್ತದೆ ಎಂದು ಪಂಡಿತರಲ್ಲಿ ಹಲವರು ನಂಬಿದ್ದರು. ಹಾಗಾದರೆ ಅದು ಉಪ್ಪಾಗಿರಬೇಕಿತ್ತಲ್ಲ ಎಂದ ಪಲಿಸ್ಸಿ. ಎಲ್ಲವೂ ಮಳೆಯ ನೀರೇ, ನೆಲದೊಳಗೆ ಇಳಿದು, ಗಟ್ಟಿ ಪದರ ಸಿಕ್ಕಲ್ಲಿ ನಿಂತು, ದಾರಿ ಸಿಕ್ಕಲ್ಲಿ ಹೊರಬರುತ್ತದೆ ಎಂದು ವಿವರಿಸಿದ. ಸುಮಾರು ನೂರು ವರ್ಷಗಳ ಬಳಿಕ, 1674ರಲ್ಲಿ ಪಿಯರ್ ಪೆರೋ ಸೇನ್ ನದಿಯ ಮೇಲ್ಭಾಗದಲ್ಲಿ ಲೆಕ್ಕ ಹಾಕಿ, ಅಲ್ಲಿ ಬೀಳುವ ಮಳೆ ನದಿಯ ಹರಿವಿನ ಆರು ಪಟ್ಟು ಇದೆಯೆಂದು ತೋರಿಸಿದ. ಕುಂಬಾರನ ಮಾತಿಗೆ ಅಂಕಿಗಳ ಬಲ ಬಂತು.

ಇನ್ನು ಚಿಪ್ಪುಗಳು. ಕಡಲಿನಿಂದ ದೂರದ ಬೆಟ್ಟಗಳ ಕಲ್ಲಿನಲ್ಲಿ ಸಿಗುವ ಚಿಪ್ಪಿನಾಕಾರಗಳನ್ನು ಕೆಲವರು ಪ್ರಕೃತಿಯ ಆಟ ಎಂದರು. ಕಲ್ಲು ತಾನಾಗಿಯೇ ಆ ರೂಪ ತಾಳುತ್ತದೆಯಂತೆ. ಇಟಲಿಯ ವಿದ್ವಾಂಸ ಕಾರ್ಡಾನೊ ಅವು ನಿಜವಾದ ಚಿಪ್ಪುಗಳೇ, ಪ್ರಳಯದ ನೀರು ಅಲ್ಲಿ ತಂದು ಬಿಟ್ಟದ್ದು ಎಂದ. ಪಲಿಸ್ಸಿ ಎರಡನ್ನೂ ಒಪ್ಪಲಿಲ್ಲ. ಇವು ಜೀವಿಗಳ ಮನೆಗಳೇ, ಆದರೆ ಒಂದೇ ಪ್ರವಾಹ ಎಸೆದು ಹೋದದ್ದಲ್ಲ. ಆ ಜೀವಿಗಳು ಅಲ್ಲಿಯೇ ನೀರಿನಲ್ಲಿ ಹುಟ್ಟಿ ಬೆಳೆದವು, ಕೆಸರಿನಲ್ಲಿ ಹೂತವು, ಕೆಸರಿನೊಡನೆ ಕಲ್ಲಾದವು. ಈಗ ಎಲ್ಲಿಯೂ ಕಾಣದ ಜಾತಿಗಳೂ ಅವುಗಳಲ್ಲಿವೆ, ಅವುಗಳ ಕುಲವೇ ಅಳಿದಿರಬೇಕು ಎಂದೂ ಹೇಳಿದ.

ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಅಚ್ಚು ತೆಗೆದು ಬದುಕುವವನಿಗೆ ಒಂದು ವಿಷಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವಸ್ತುವಿಲ್ಲದೆ ಅಚ್ಚಿಲ್ಲ. ಚಿಪ್ಪಿನ ಹೊರಮೈಯ ಗೆರೆಗಳು ಕಲ್ಲಿನಲ್ಲಿ ತಿರುಗುಮುರುಗಾಗಿ ಮೂಡಿವೆಯೆಂದರೆ, ಆ ಕಲ್ಲು ಮೆತ್ತಗಿದ್ದಾಗ ಅಲ್ಲೊಂದು ಚಿಪ್ಪು ಇದ್ದೇ ಇತ್ತು. ಹಲ್ಲಿಯ ಮೇಲೆ ಪ್ಲಾಸ್ಟರ್ ಸುರಿದು, ಅದು ಗಟ್ಟಿಯಾಗುವುದನ್ನು ಕಾದು, ಬಿಡಿಸಿ ನೋಡಿದ ಕೈ ಅದು. ತನ್ನ ಕಾರ್ಯಾಗಾರದಲ್ಲಿ ಒಂದು ದಿನದಲ್ಲಿ ನಡೆಯುವ ಕೆಲಸವನ್ನು ಭೂಮಿ ಯುಗಗಳಲ್ಲಿ ಮಾಡಿದೆ ಎಂಬುದನ್ನು ಆ ಕೈ ಗುರುತಿಸಿತು. ಪುಸ್ತಕ ಓದಿದವರಿಗೆ ಕಲ್ಲಿನ ಆಟವಾಗಿ ಕಂಡದ್ದು ಕುಂಬಾರನಿಗೆ ಕೆಲಸದ ಗುರುತಾಗಿ ಕಂಡಿತು.

ಆತ ಹೇಳಿದ್ದೆಲ್ಲ ಸರಿಯಾಗಿರಲಿಲ್ಲ. ಒಳನಾಡಿನ ಕೆರೆಗಳಲ್ಲಿಯೇ ಆ ಜೀವಿಗಳು ಬೆಳೆದವೆಂದು ಆತ ಭಾವಿಸಿದ. ಅಲ್ಲಿ ಕಡಲೇ ಇತ್ತೆಂಬುದು ಆತನಿಗೆ ಹೊಳೆಯಲಿಲ್ಲ. ಯಾವುದೋ ಒಂದು ಲವಣದಿಂದ ಎಲ್ಲವೂ ಕಲ್ಲಾಗುತ್ತದೆಂದು ನಂಬಿದ. ಈ ದಾರಿಯಲ್ಲಿ ನಡೆದವರಲ್ಲಿ ಆತ ಮೊದಲಿಗನೂ ಅಲ್ಲ. ಇಬ್ನ್ ಸೀನಾ 11ನೆಯ ಶತಮಾನದಲ್ಲಿಯೇ ತಮ್ಮ 'ಕಿತಾಬುಶ್ಶಿಫಾ'ದಲ್ಲಿ ಬೆಟ್ಟಗಳು ಹುಟ್ಟುವ ಬಗೆಯನ್ನೂ ಪ್ರಾಣಿ ಸಸ್ಯಗಳು ಕಲ್ಲಾಗುವ ಬಗೆಯನ್ನೂ ಚರ್ಚಿಸಿದ್ದರು. ಬಾಲ್ಯದಲ್ಲಿ ಜೈಹೂನ್ ನದಿಯ ದಂಡೆಯಲ್ಲಿ ಜನ ತಲೆ ತೊಳೆಯಲು ಬಳಸುತ್ತಿದ್ದ ಜೇಡಿಮಣ್ಣು, ಸುಮಾರು 23 ವರ್ಷಗಳ ಬಳಿಕ ನೋಡಿದಾಗ ಮೆದುಕಲ್ಲಾಗಿತ್ತು ಎಂದು ಅವರು ಬರೆದಿದ್ದಾರೆ. ಅವರ ಸಮಕಾಲೀನ ಅಲ್ ಬಿರೂನಿ, ಅರಬ್ ಮರುಭೂಮಿಯಲ್ಲಿ ಬಾವಿ ತೋಡುವಾಗ ಕಲ್ಲಿನಲ್ಲಿ ಚಿಪ್ಪುಗಳು ಸಿಗುವುದನ್ನು ತೋರಿಸಿ ಅಲ್ಲಿ ಒಮ್ಮೆ ಸಮುದ್ರವಿತ್ತು ಎಂದರು. ನಮ್ಮ ದೇಶಕ್ಕೆ ಬಂದು ಗಂಗಾ ಬಯಲನ್ನು ಕಂಡಾಗಲೂ, ಬೆಟ್ಟದ ಬಳಿ ದೊಡ್ಡದಾದ ಕಲ್ಲುಗಳು ಕೆಳಗೆ ಹೋದಂತೆ ಸಣ್ಣದಾಗಿ ಮರಳಾಗುವುದನ್ನು ಗಮನಿಸಿ, ಇದು ನದಿಗಳು ತುಂಬಿಸಿದ ಹಳೆಯ ಕಡಲು ಎಂದರು.

ಇಬ್ನ್ ಸೀನಾರ ಆ ಭಾಗ 1200ರ ಸುಮಾರಿಗೆ ಲ್ಯಾಟಿನ್‌ಗೆ ಬಂದು, ಬಹುಕಾಲ ಅರಿಸ್ಟಾಟಲ್‌ನ ಹೆಸರಿನಲ್ಲಿ ಓಡಾಡಿತು. ಲ್ಯಾಟಿನ್ ತಿಳಿಯದ ಕುಂಬಾರ ಅದನ್ನು ನೇರವಾಗಿ ಓದುವಂತಿರಲಿಲ್ಲ. ಆತನಿಗಿದ್ದ ಪುಸ್ತಕ ಒಂದೇ, ಎಲ್ಲರ ಮುಂದೆ ತೆರೆದಿರುವ ಆಕಾಶ ಮತ್ತು ಭೂಮಿ. ಆದರೂ ಕಣ್ಣು ತೆರೆದು ನೋಡಿದವರು ಬೇರೆ ಬೇರೆ ದಾರಿಯಿಂದ ಒಂದೇ ಕಡೆ ಬಂದು ಸೇರುತ್ತಾರೆ. 18ನೆಯ ಶತಮಾನದಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ ಫಾಂಟನೆಲ್, ಲ್ಯಾಟಿನ್ ಗ್ರೀಕ್ ತಿಳಿಯದ ಒಬ್ಬ ಕುಂಬಾರ ಎಲ್ಲ ಪಂಡಿತರ ಎದುರು ಈ ಮಾತನ್ನು ಆಡುವ ಧೈರ್ಯ ಮಾಡಿದ ಎಂದು ನೆನೆದ. ಅದೇ ಶತಮಾನದ ಮಹಾ ವಿಚಾರವಾದಿ ವಾಲ್ಟೇರ್ ಮಾತ್ರ ಇದನ್ನೆಲ್ಲ ಗೇಲಿ ಮಾಡಿದ. ಆಲ್ಪ್ಸ್ ಪರ್ವತದ ಚಿಪ್ಪುಗಳು ಯಾತ್ರಿಕರು ಬೀಳಿಸಿ ಹೋದದ್ದಿರಬಹುದು ಎಂದ. ವಿಚಾರವಾದಿ ಎಂಬ ಹೆಸರಿದ್ದ ಮಾತ್ರಕ್ಕೆ ಕಣ್ಣೆದುರಿನ ಸಾಕ್ಷ್ಯ ಕಂಡೀತೆಂದೇನೂ ಇಲ್ಲ.

ಬಾಸ್ಟಿಲ್‌ನಲ್ಲಿ ಒಂದು ಸಾವು

1585ರ ಜುಲೈಯಲ್ಲಿ ಹೊಸ ರಾಜಾಜ್ಞೆ ಹೊರಟಿತು. ಪ್ರೊಟೆಸ್ಟಂಟರು ಮತ ಬದಲಿಸಬೇಕು, ಇಲ್ಲವೇ ದೇಶ ಬಿಡಬೇಕು. ಪಲಿಸ್ಸಿಗೆ ಆಗ ಎಪ್ಪತ್ತೈದರ ಹತ್ತಿರ. ಆತ ಎರಡನ್ನೂ ಮಾಡಲಿಲ್ಲ. 1588ರ ಹೊತ್ತಿಗೆ ಮತ್ತೆ ಸೆರೆಮನೆ. ಹಿಂದೆ ಕಾಪಾಡಿದ ಮಾಂಟ್‌ಮೊರೆನ್ಸಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಗುಹೆ ಬಯಸಿದ ರಾಜಮಾತೆ 1589ರ ಜನವರಿಯಲ್ಲಿ ತೀರಿಕೊಂಡಳು. ನಗರ ಉಗ್ರ ಕ್ಯಾಥೊಲಿಕ್ ಕೂಟದ ಕೈಯಲ್ಲಿತ್ತು. ಮತ ಬದಲಿಸು ಎಂದು ಸ್ವತಃ ಅರಸನೇ ಸೆರೆಮನೆಗೆ ಬಂದು ಕೇಳಿದ, ಮುದುಕ ದಿಟ್ಟ ಉತ್ತರ ಕೊಟ್ಟ ಎಂಬ ಕತೆಯೊಂದು ಮುಂದೆ ಹುಟ್ಟಿಕೊಂಡಿತು. ಅದು ಕತೆಯಷ್ಟೇ. ನಿಜಕ್ಕೆ ಅಂತಹ ಅಲಂಕಾರ ಬೇಕಿಲ್ಲ.

ನಿಜವನ್ನು ಬರೆದವನು ಪ್ಯಾರಿಸ್‌ನ ಪಿಯರ್ ದ ಲೆಸ್ಟ್ವಾಲ್. ಅವನು ಕ್ಯಾಥೊಲಿಕ್, ಆದರೂ ಈ ಮುದುಕನನ್ನು ಪ್ರೀತಿಸುತ್ತಿದ್ದ. 1590ರ ಸಾವುಗಳ ನಡುವೆ ತನ್ನ ದಿನಚರಿಯಲ್ಲಿ ಆತ ದಾಖಲಿಸಿದ್ದು ಇಷ್ಟು: ಬಾಸ್ಟಿಲ್ ಸೆರೆಮನೆಯಲ್ಲಿ, ಧರ್ಮದ ಕಾರಣಕ್ಕೆ ಸೆರೆಯಾಗಿದ್ದ, ಸುಮಾರು ಎಂಬತ್ತು ವರ್ಷದ ಬರ್ನಾರ್ ಪಲಿಸ್ಸಿ ಹಸಿವು, ಸಂಕಟ ಮತ್ತು ದುರ್ವ್ಯವಹಾರದಿಂದ ಸತ್ತ. ಆತನನ್ನು ನೋಡಲು ಮರುದಿನ ಹೋದ ಹೆಂಗಸಿಗೆ ಕಾವಲಿನವರು, ಹೆಣವನ್ನು ಕೋಟೆಗೋಡೆಯ ಬಳಿ ನಾಯಿಗಳ ಜತೆ ಎಸೆದಿದ್ದೇವೆ, ಹೋಗಿ ನೋಡು ಎಂದರಂತೆ.

ಸಾಯುವ ಮುನ್ನ ಪಲಿಸ್ಸಿ ಲೆಸ್ಟ್ವಾಲ್‌ಗೆ ಎರಡು ಕಲ್ಲುಗಳನ್ನು ಕೊಟ್ಟಿದ್ದ. ಒಂದನ್ನು ಆತ ತಮಾಷೆಯಾಗಿಯೋ ಗಂಭೀರವಾಗಿಯೋ ತನ್ನ ಸ್ಪರ್ಶಮಣಿ ಎಂದು ಕರೆಯುತ್ತಿದ್ದ. ಮನುಷ್ಯನ ತಲೆಬುರುಡೆ ಕಾಲ ಸಂದು ಕಲ್ಲಾದದ್ದು ಅದು ಎಂದು ಆತನ ನಂಬಿಕೆ. ಇನ್ನೊಂದು ತನ್ನ ಕೆಲಸದಲ್ಲಿ ಬಳಸುತ್ತಿದ್ದ ಕಲ್ಲು. ಲೆಸ್ಟ್ವಾಲ್ ಎರಡನ್ನೂ ತನ್ನ ಕೋಣೆಯಲ್ಲಿ ಜೋಪಾನವಾಗಿಟ್ಟುಕೊಂಡ.

ಒಂದು ಕಲ್ಲು ಪ್ರಕೃತಿಯ ಕೈಯದು, ಇನ್ನೊಂದು ಕುಂಬಾರನ ಕೈಯದು. ಇವೆರಡರ ನಡುವೆ ಆತನಿಗೆ ಅಂತರ ಕಾಣಿಸಲಿಲ್ಲ, ಅದರಿಂದಲೇ ಭೂಮಿಯ ಗುಟ್ಟು ಆತನಿಗೆ ತೆರೆದುಕೊಂಡಿತು. ಛಲದ ಕತೆಯನ್ನು ನಮ್ಮ ಮಕ್ಕಳಿಗೆ ಹೇಳೋಣ, ತಪ್ಪಿಲ್ಲ. ಆದರೆ ಅದರ ಜತೆಗೆ ಇನ್ನೆರಡು ಮಾತುಗಳನ್ನೂ ಸೇರಿಸೋಣ. ಮಣ್ಣು ಕಲಸುವ ಕೈಗೂ ಜ್ಞಾನವಿದೆ, ಪದವಿ ಇಲ್ಲದವನ ಮಾತನ್ನು ಕೇಳದೆ ತಳ್ಳಿ ಹಾಕಬಾರದು. ಒಬ್ಬ ಮನುಷ್ಯನ ಕೆಲಸದ ಲಾಭ ಪಡೆದು ಅವನ ನಂಬಿಕೆಗಾಗಿ ಅವನನ್ನು ಹೊರಗಟ್ಟುವ ಸಮಾಜ ಎಷ್ಟು ಸುಂದರ ತಟ್ಟೆಗಳನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟರೂ ಸುಸಂಸ್ಕೃತವಾಗುವುದಿಲ್ಲ. ನೆರೆಯವನ ನಂಬಿಕೆ ಬೇರೆಯಾಗಿದ್ದರೂ ಅವನು ಕೊಟ್ಟ ಕಲ್ಲುಗಳನ್ನು ಕಾಪಾಡಿದ, ಅವನ ಸಾವಿನ ಸತ್ಯವನ್ನು ಬರೆದಿಟ್ಟ ಲೆಸ್ಟ್ವಾಲ್‌ನಂತಹವರು ಎಲ್ಲ ಕಾಲದಲ್ಲಿಯೂ ಕೆಲವರಾದರೂ ಇರುತ್ತಾರೆ. ಅಂತಹವರಲ್ಲಿ ನಾವೂ ಒಬ್ಬರಾಗಬಲ್ಲೆವೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.